ಟೀನಾ ಬ್ರೂಕ್ಸ್ ‘ಟ್ರೂ ಬ್ಲೂ’: ಮೊದಲ ಮುದ್ರಣ ಅಂತ ಗುರುತಿಸೋದು ಹೇಗೆ?

ಪ್ರಶ್ನೆ:
ಟೆನರ್ ಸ್ಯಾಕ್ಸ್ ವಾದಕ ಟೀನಾ ಬ್ರೂಕ್ಸ್ ಅವರ ‘ಟ್ರೂ ಬ್ಲೂ’ (ಬ್ಲೂ ನೋಟ್ ಕಂಪನಿ, ನಂಬರ್ 4041) ಎಲ್‌ಪಿ ಒಂದು ಮಾರಾಟಕ್ಕಿದೆ. 1960ರ ಮೊದಲ ಮೋನೋ ಮುದ್ರಣ ಅಂತಾರೆ, ಆದರೆ ಲೇಬಲ್ ಫೋಟೊ ಬಿಟ್ಟು ಬೇರೇನೂ ಕಳಿಸಿಲ್ಲ. ಅದನ್ನೇ ನಂಬಬಹುದಾ? ಇನ್ನೊಂದು: ಸ್ಟೀರಿಯೋ ಆವೃತ್ತಿಯನ್ನು ಹೆಡ್‌ಫೋನ್‌ನಲ್ಲಿ ಕೇಳಿದರೆ ಟ್ರಂಪೆಟ್ ಒಂದು ಕಿವಿಗೆ, ಸ್ಯಾಕ್ಸ್ ಇನ್ನೊಂದಕ್ಕೆ. ಮರುಮುದ್ರಣದಲ್ಲಿ ಕೆಡಿಸಿದ್ದಾರಾ?

ಉತ್ತರ 1:
ಲೇಬಲ್ ಸಾಲದು. ಬ್ಲೂ ನೋಟ್ ಕಂಪನಿಯ ಹಳೆಯ ‘47 ವೆಸ್ಟ್ 63’ ವಿಳಾಸ ಇರಲೇಬೇಕು, ಸರಿ. ಆದರೆ 1966ರಲ್ಲಿ ಲಿಬರ್ಟಿ ಕಂಪನಿ ಬ್ಲೂ ನೋಟನ್ನು ಕೊಂಡ ಮೇಲೂ ಉಳಿದಿದ್ದ ಹಳೆಯ ಲೇಬಲ್‌ಗಳು ಹೊಸ ಡಿಸ್ಕ್‌ಗಳ ಮೇಲೆ ಬಂದಿವೆ. ಕೊನೆಯ ಹಾಡಿನ ಗೀರು ಮುಗಿದು ಲೇಬಲ್ ಶುರುವಾಗುವ ಖಾಲಿ ಪಟ್ಟಿಯ ಫೋಟೊ ಕೇಳಿ, ಎರಡೂ ಬದಿಯದ್ದು. ಬೆಳಕು ಓರೆಯಾಗಿ ಬೀಳಬೇಕು, ನೇರ ಫ್ಲಾಶ್ ಹಾಕಿದರೆ ಗುರುತೇ ಕಾಣಲ್ಲ.

ಅಲ್ಲಿ ಎರಡು ಗುರುತು ಬೇಕು. ಒಂದು ‘ಆರ್‌ವಿಜಿ’, ಅಂದರೆ ಧ್ವನಿಮುದ್ರಣ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅಚ್ಚಿನ ಮೂಲ ಡಿಸ್ಕ್ ಕಟ್ ಮಾಡಿದ್ದು. ಇನ್ನೊಂದು, ಲಿಬರ್ಟಿ ಕೊಳ್ಳುವ ಮುಂಚೆ ಬ್ಲೂ ನೋಟ್ ಡಿಸ್ಕ್ ಒತ್ತುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಗುರುತು: ಬಾಗಿಸಿ ಬರೆದ ‘ಪಿ’ ಅಕ್ಷರ, ನೋಡಲು ಕಿವಿ ಥರ ಇರುತ್ತೆ, ಅದಕ್ಕೇ ಸಂಗ್ರಾಹಕರು ಅದನ್ನು ‘ಕಿವಿ’ ಅಂತಲೇ ಕರೆಯೋದು. ಬರೀ ಆರ್‌ವಿಜಿ ನೋಡಿ ದುಡ್ಡು ಕೊಟ್ಟರೆ ಮೋಸ ಹೋಗ್ತೀರಿ. ಹಳೆಯ ಲೋಹದ ಅಚ್ಚುಗಳನ್ನೇ ಲಿಬರ್ಟಿಯೂ ಬಳಸಿದ್ದರಿಂದ ಅವರ ಡಿಸ್ಕ್‌ನಲ್ಲೂ ಆರ್‌ವಿಜಿ ಇರುತ್ತೆ, ಕಿವಿ ಮಾತ್ರ ಇರಲ್ಲ.

ಉತ್ತರ 2:
ಕಿವಿಗೊಂದು ವಾದ್ಯ ಬರೋದು ದೋಷವಲ್ಲ. ವ್ಯಾನ್ ಗೆಲ್ಡರ್ ಆಗ ನೇರವಾಗಿ ಎರಡು ಟ್ರ್ಯಾಕ್ ಟೇಪಿಗೆ ಧ್ವನಿಮುದ್ರಿಸುತ್ತಿದ್ದರು, ಊದುವ ವಾದ್ಯಗಳನ್ನು ಎರಡು ಬದಿಗೆ ಸರಿಸಿ. ಆ ಕಾಲದ ಮೋನೋ ಎಲ್‌ಪಿಗೂ ಬೇರೆ ಮಿಕ್ಸ್ ಇಲ್ಲ, ಅದೇ ಎರಡು ಟ್ರ್ಯಾಕ್ ಕೂಡಿಸಿದ್ದು. ಹಾಗಾಗಿ ಸ್ಟೀರಿಯೋ ಮರುಮುದ್ರಣ ಹಾಕಿ ಆಂಪ್ಲಿಫೈಯರ್‌ನ ಮೋನೋ ಗುಂಡಿ ಒತ್ತಿದರೆ ಹೆಚ್ಚುಕಡಿಮೆ ಅದೇ ಸಮತೋಲನ ಸಿಗುತ್ತೆ. ಫೋನ್ ಆದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಮೋನೋ ಆಡಿಯೋ’ ಇದೆ. ಕೂಡಿಸಿದಾಗ ನಡುವೆ ಇರೋ ವಾದ್ಯ ಸುಮಾರು 3 ಡೆಸಿಬಲ್ ಮುಂದೆ ಬರುತ್ತೆ, ಅದಕ್ಕೆ ಗಾಬರಿ ಬೇಡ.

ಹಳೆಯ ಮೋನೋ ಡಿಸ್ಕನ್ನು ಸ್ಟೀರಿಯೋ ಕಾರ್ಟ್ರಿಜ್‌ನಲ್ಲಿ ನುಡಿಸುವಾಗಲೂ ಆ ಗುಂಡಿ ಒತ್ತಿ. ಮುಳ್ಳು ಮೇಲೆ ಕೆಳಗೆ ಆಡಿ ಹುಟ್ಟುವ ಚಟಪಟ ಸದ್ದು ಬಹಳಷ್ಟು ಅಡಗುತ್ತೆ.

ಉತ್ತರ 3:
ಮುದ್ರಣದ ಜೊತೆ ಸಂಗೀತದ ಮಾತೂ ಇರಲಿ. ಬ್ರೂಕ್ಸ್ ನಾಯಕರಾಗಿ ಬ್ಲೂ ನೋಟ್‌ಗೆ ಮಾಡಿದ್ದು ನಾಲ್ಕು ಆಲ್ಬಂ. ಅವರು ಬದುಕಿದ್ದಾಗ (1932–1974) ಹೊರಬಂದಿದ್ದು ಇದೊಂದೇ. ‘ಬ್ಯಾಕ್ ಟು ದ ಟ್ರ್ಯಾಕ್ಸ್’‌ಗೆ 4052 ಅಂತ ನಂಬರ್ ಕೊಟ್ಟೂ ಬಿಡುಗಡೆ ಮಾಡಲಿಲ್ಲ. ನಾಲ್ಕೂ ಒಟ್ಟಿಗೆ ಬಂದಿದ್ದು 1985ರಲ್ಲಿ, ಮೊಸಾಯಿಕ್ ಕಂಪನಿಯ ಬಾಕ್ಸ್ ಸೆಟ್‌ನಲ್ಲಿ.

‘ಟ್ರೂ ಬ್ಲೂ’ ರೆಕಾರ್ಡ್ ಆಗಿದ್ದು 1960 ಜೂನ್ 25. ಅದಕ್ಕೆ ಆರು ದಿನ ಮೊದಲು ಟ್ರಂಪೆಟ್‌ನ ಫ್ರೆಡಿ ಹಬರ್ಡ್ ನಾಯಕತ್ವದಲ್ಲಿ ‘ಓಪನ್ ಸೆಸಮಿ’ ಆಗಿತ್ತು, ಶೀರ್ಷಿಕೆ ಕೃತಿ ಬ್ರೂಕ್ಸ್ ಅವರದೇ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ಎರಡರಲ್ಲೂ ಊದುವವರು ಬ್ರೂಕ್ಸ್, ಹಬರ್ಡ್ ಅವರೇ, ಆದರೆ ‘ಟ್ರೂ ಬ್ಲೂ’ನಲ್ಲಿ ಪಿಯಾನೋಗೆ ಮೆಕಾಯ್ ಟೈನರ್ ಬದಲು ಡ್ಯೂಕ್ ಜೋರ್ಡನ್. ‘ಟ್ರೂ ಬ್ಲೂ’ನ ಆರರಲ್ಲಿ ಐದು ಕೃತಿ ಬ್ರೂಕ್ಸ್ ರಚನೆ. ನನ್ನ ಪ್ರಕಾರ ಅವರನ್ನು ಮೊದಲು ರಚನಕಾರ ಅನ್ನಬೇಕು, ವಾದಕ ಆಮೇಲೆ.

ಪ್ರಶ್ನೆ ಕೇಳಿದವರು:
ಪಟ್ಟಿಯ ಫೋಟೊ ಬಂತು. ಎರಡೂ ಬದಿ ಆರ್‌ವಿಜಿ ಇದೆ, ಕಿವಿ ಇಲ್ಲ.

ಉತ್ತರ 1:
ಹಾಗಾದರೆ 1966ರ ನಂತರದ್ದು. ಸದ್ದು ಚೆನ್ನಾಗೇ ಇರುತ್ತೆ, ಕಟಿಂಗ್ ಅದೇ ತಾನೇ. ಮೊದಲ ಮುದ್ರಣದ ಬೆಲೆ ಮಾತ್ರ ಕೊಡಬೇಡಿ.