ಪೇಟೆಂಟ್ ಎಣಿಸಿ ಒಂದು ಜಿಲ್ಲೆಯ ಹೊಸತನ ಅಳೆಯೋದು ಹೇಗೆ?

ಪ್ರಶ್ನೆ: ಜಿಲ್ಲಾವಾರು ಪೇಟೆಂಟ್ ಲೆಕ್ಕ ಹಾಕ್ತಿದ್ದೇನೆ. ಕಂಪನಿಗಳ ಪ್ರಧಾನ ಕಚೇರಿ ಇರೋ ನಗರವೇ ಎಲ್ಲವನ್ನೂ ನುಂಗಿಬಿಡುತ್ತೆ. ಕೊನೆಯ ಎರಡು ವರ್ಷ ಎಲ್ಲ ಕಡೆ ದಿಢೀರ್ ಕುಸಿತ ಬೇರೆ. ತಪ್ಪು ಎಲ್ಲಿ?

ಉತ್ತರ: ಅರ್ಜಿದಾರರ (ಸಾಮಾನ್ಯವಾಗಿ ಕಂಪನಿಯ) ವಿಳಾಸ ಬಿಟ್ಟು ಆವಿಷ್ಕಾರಕರ ವಿಳಾಸ ಹಿಡೀರಿ. ನಾಲ್ವರಲ್ಲಿ ಮೂವರು ಒಂದು ಜಿಲ್ಲೆ, ಒಬ್ಬರು ಇನ್ನೊಂದು ಅಂದ್ರೆ 0.75, 0.25 ಅಂತ ಹಂಚಿ. ಪ್ರತಿ ಜಿಲ್ಲೆಗೂ ಪೂರ್ತಿ 1 ಕೊಟ್ಟರೆ ಜಿಲ್ಲೆಗಳ ಮೊತ್ತ ಒಟ್ಟು ಪೇಟೆಂಟಿಗಿಂತ ಜಾಸ್ತಿಯಾಗುತ್ತೆ. ಕುಸಿತ ನಿಜವಲ್ಲ. ಅರ್ಜಿಗಳು ಸಾಮಾನ್ಯವಾಗಿ ಆದ್ಯತಾ ದಿನಾಂಕದಿಂದ, ಅಂದ್ರೆ ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನದಿಂದ, 18 ತಿಂಗಳಾದ ಮೇಲೆ ಪ್ರಕಟವಾಗೋದು; ಹಾಗಾಗಿ ಇತ್ತೀಚಿನ ಎಷ್ಟೋ ಅರ್ಜಿಗಳು ಇನ್ನೂ ನಿಮ್ಮ ಲೆಕ್ಕಕ್ಕೆ ಬಂದಿಲ್ಲ. ಆ ವರ್ಷಗಳನ್ನು ಗ್ರಾಫಿನಿಂದ ಕತ್ತರಿಸಿ. ವರ್ಷ ಗುರುತಿಸೋಕೆ ಮಂಜೂರಾತಿ ದಿನಾಂಕ ಬೇಡವೇ ಬೇಡ, ಅದು ಪೇಟೆಂಟ್ ಕಚೇರಿಯ ವೇಗ ತೋರಿಸುತ್ತೆ ಅಷ್ಟೇ.

ಪ್ರಶ್ನೆ ಕೇಳಿದವರು: ಆವಿಷ್ಕಾರಕರದ್ದು ಮನೆ ವಿಳಾಸ ಇದ್ದರೆ?

ಉತ್ತರ: ಎಷ್ಟೋ ಸಲ ಹಾಗೇ ಇರುತ್ತೆ. ಪಕ್ಕದ ಜಿಲ್ಲೆಯಿಂದ ಲ್ಯಾಬಿಗೆ ಓಡಾಡೋರು ಜಾಸ್ತಿ ಇದ್ದರೆ ಎರಡನ್ನೂ ಒಂದೇ ವಲಯ ಮಾಡಿ. ಕೆಲವು ಅರ್ಜಿಗಳಲ್ಲಿ ಆವಿಷ್ಕಾರಕರ ಹೆಸರಿನ ಕೆಳಗೂ ಕಂಪನಿ ವಿಳಾಸವನ್ನೇ ಅಂಟಿಸಿರ್ತಾರೆ. ಒಂದೇ ವಿಳಾಸದಲ್ಲಿ ನೂರಾರು ಜನ ಕಂಡರೆ ಅನುಮಾನಿಸಿ.

ಇನ್ನೊಂದು ಉತ್ತರ: ಮೊದಲು ಪೇಟೆಂಟ್ ಕುಟುಂಬ ಕಟ್ಟಿ, ಅಂದ್ರೆ ಒಂದೇ ಆವಿಷ್ಕಾರದ ಅರ್ಜಿಗಳನ್ನೆಲ್ಲ ಒಂದು ಗುಂಪು ಮಾಡಿ. ಒಂದೇ ಆವಿಷ್ಕಾರ ಐದು ದೇಶಗಳಲ್ಲಿ ಅರ್ಜಿಯಾಗಿದ್ದರೆ ಅದು ಒಂದೇ, ಐದಲ್ಲ. ಆಮೇಲೆ ತಂತ್ರಜ್ಞಾನದ ವರ್ಗವಾರು ಹೋಲಿಸಿ. ಔಷಧ ಕಂಪನಿ ಅಣುವಿಗೆ ಪೇಟೆಂಟ್ ಮಾಡಿಸುತ್ತೆ; ಎರಕದ ಕಾರ್ಖಾನೆ ಅಚ್ಚಿನ ಉಷ್ಣತೆ ತಿದ್ದಿದ್ದನ್ನು ಗುಟ್ಟಾಗಿಯೇ ಇಟ್ಟುಕೊಳ್ಳುತ್ತೆ. ಎರಡನೆಯದು ನಿಮ್ಮ ಪಟ್ಟಿಯಲ್ಲಿ ಸೊನ್ನೆ. ಸಣ್ಣ ಜಿಲ್ಲೆಗಳಿಗೆ ಮೂರು ವರ್ಷದ ಸರಾಸರಿ ತಗೊಳ್ಳಿ, ಇಲ್ಲಾಂದ್ರೆ ಒಬ್ಬರು ಊರು ಬಿಟ್ಟರೂ ಗೆರೆ ನೆಲಕಚ್ಚುತ್ತೆ.