ನಂದಿಬಟ್ಟಲು ಗಿಡದಲ್ಲಿ ನೀಲಿ ಕಣ್ಣಿನ ದಪ್ಪ ಹುಳ: ಎಣ್ಣೆ ಹೊಡೆಯೋದಾ, ಬಿಡೋದಾ?

ಗಂಗಾವತಿ ಹಿತ್ತಲು:
ಮನೆ ಮುಂದಿನ ನಂದಿಬಟ್ಟಲಲ್ಲಿ ಎಲೆ ಖಾಲಿಯಾಗ್ತಾ ಇದೆ. ಬೆರಳಿನಷ್ಟು ದಪ್ಪ ಹಸಿರು ಹುಳ, ಮೈಮೇಲೆ ಕೂದಲಿಲ್ಲ, ಬಾಲದ ಕಡೆ ಸಣ್ಣ ಹಳದಿ ಕೊಂಬು. ಕಡ್ಡಿ ತಾಗಿಸಿದ ಕೂಡಲೇ ತಲೆ ಒಳಗೆ ಎಳೆದುಕೊಂಡಿತು, ಕತ್ತಿನ ಹತ್ತಿರ ಎರಡು ನೀಲಿ ಕಣ್ಣು ಎದ್ದು ಕಂಡವು. ಪಕ್ಕದ ಮನೆ ಅಜ್ಜಿ ಇದು ವಿಷದ ಹುಳ ಅಂತಿದ್ದಾರೆ. ಅಪ್ಪ ಭತ್ತಕ್ಕೆ ತಂದ ಎಣ್ಣೆ ಹೊಡೆಯೋಕೆ ಹೊರಟಿದ್ದಾರೆ. ಬೇಗ ಹೇಳಿ.

ಸಿಂಧನೂರು ಓದುಗ:
ದಯವಿಟ್ಟು ಹೊಡೆಸಬೇಡಿ. ಅದು ಓಲಿಯಾಂಡರ್ ಹಾಕ್‌ಮಾತ್ ಅನ್ನೋ ಪತಂಗದ ಮರಿ, ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಯೈ. ಕಚ್ಚಲ್ಲ, ಕುಟುಕಲ್ಲ, ಮುಟ್ಟಿದ್ರೆ ತುರಿಕೆಯೂ ಇಲ್ಲ. ಆ ನೀಲಿ ಚುಕ್ಕೆ ಕಣ್ಣೇ ಅಲ್ಲ, ಹಕ್ಕಿಗಳನ್ನು ಹೆದರಿಸೋಕೆ ಇರೋದು. ಕಣಗಿಲೆ, ನಂದಿಬಟ್ಟಲು, ಕಾಶಿ ಕಣಗಿಲೆ ಇದರ ಮೇವು. ದನ, ಆಡು ತಿಂದ್ರೆ ಸಾಯೋ ಕಣಗಿಲೆ ಎಲೆಯನ್ನೇ ಇದು ತಿಂದು ಅರಗಿಸಿಕೊಳ್ಳುತ್ತೆ, ನನಗಂತೂ ಅದೇ ದೊಡ್ಡ ಆಶ್ಚರ್ಯ. ಗಿಡ ಸಾಯಲ್ಲ, ಮತ್ತೆ ಚಿಗುರುತ್ತೆ.

ಬಳ್ಳಾರಿ ಬಿಸಿಲು:
ದೊಡ್ಡದಾದ ಮೇಲೆ ನೋಡಬೇಕು ಇದನ್ನ! ರೆಕ್ಕೆ ಬಿಚ್ಚಿದ್ರೆ ಸುಮಾರು 10 ಸೆಂ.ಮೀ., ಕಡು ಹಸಿರು, ತಿಳಿ ಹಸಿರು, ನಡುವೆ ಬಿಳಿ ಮತ್ತು ಗುಲಾಬಿ ಪಟ್ಟೆ. ಸಂಜೆ ಕತ್ತಲಾಗುವ ಹೊತ್ತಿಗೆ ಬಂದು, ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಚಾಚಿ ಮಕರಂದ ಹೀರುತ್ತೆ. ಹಗಲಲ್ಲಿ ಎಲೆ ನಡುವೆ ಸುಮ್ನೆ ಕೂತರೆ ಪಕ್ಕದಲ್ಲಿದ್ರೂ ಕಾಣಲ್ಲ. ಆಫ್ರಿಕಾದಿಂದ ನಮ್ಮ ದೇಶ ದಾಟಿ ಆಗ್ನೇಯ ಏಷ್ಯಾವರೆಗೂ ಇದೆ. ಬೇಸಿಗೆಯಲ್ಲಿ ಯುರೋಪಿಗೂ ಹಾರಿ ಹೋಗುತ್ತೆ, ಆದ್ರೆ ಅಲ್ಲಿನ ಉತ್ತರದ ಚಳಿಗಾಲ ತಡೆಯಲ್ಲ.

ಗಂಗಾವತಿ ಹಿತ್ತಲು:
ಅಪ್ಪನಿಗೆ ಓದಿ ಹೇಳಿದೆ, ಡಬ್ಬಿ ಒಳಗಿಟ್ಟರು. ಆದ್ರೆ ಒಂದು ಹುಳ ಇವತ್ತು ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದು ಓಡಾಡ್ತಾ ಇದೆ. ರೋಗ ಬಂತಾ?

ಸಿಂಧನೂರು ಓದುಗ:
ರೋಗ ಅಲ್ಲ, ಕೋಶ ಕಟ್ಟೋಕೆ ಜಾಗ ಹುಡುಕ್ತಾ ಇದೆ. ನೆಲದ ಮೇಲೆ, ಒಣ ಎಲೆ ಅಡಿಯಲ್ಲಿ ಕೋಶವಾಗುತ್ತೆ. ಹಾಗಾಗಿ ಗಿಡದ ಬುಡದ ತರಗೆಲೆ ಗುಡಿಸಿ ಸುಡಬೇಡಿ, ಎಣ್ಣೆಗಿಂತ ಜಾಸ್ತಿ ಸಾಯೋದು ಹಾಗೆನೇ ಅನ್ಸುತ್ತೆ ನನಗೆ. ಮಕ್ಕಳಿಗೆ ತೋರಿಸಬೇಕು ಅಂದ್ರೆ ಅಗಲ ಡಬ್ಬದಲ್ಲಿ ಮಣ್ಣು, ಒಣ ಎಲೆ ಹಾಕಿ ಬಿಡಿ, ಮೇಲೆ ಸೊಳ್ಳೆ ಪರದೆ ಬಟ್ಟೆ ಕಟ್ಟಿ. ಒಳಗೊಂದು ಒರಟು ಕಡ್ಡಿ ಓರೆಯಾಗಿ ನಿಲ್ಲಿಸೋದು ಮರೀಬೇಡಿ. ಹೊರಬಂದ ಪತಂಗ ಹತ್ತಿ ನೇತಾಡಿದ್ರೆ ಮಾತ್ರ ರೆಕ್ಕೆ ಸರಿಯಾಗಿ ಬಿಚ್ಚಿಕೊಳ್ಳುತ್ತೆ.