ಸಹಾಯ ಬೇಕು: ಕಾರಿನಲ್ಲಿ ಮಿಡ್‌ಬಾಸ್ ಸಿಗುತ್ತಿಲ್ಲ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಸ್ವಿಫ್ಟ್. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹಾಡಾದರೂ ಚೆನ್ನಾಗಿ ಕೇಳಲಿ ಅಂತ ಹೋದ ತಿಂಗಳು ಜೆ.ಸಿ. ರಸ್ತೆಯಲ್ಲಿ ಮುಂದಿನ ಬಾಗಿಲಿಗೆ 6.5 ಇಂಚಿನ ಕಾಂಪೊನೆಂಟ್ ಸ್ಪೀಕರ್ (ವೂಫರ್, ಟ್ವೀಟರ್ ಬೇರೆಬೇರೆ ಇರುವುದು), ಡಿಕ್ಕಿಗೆ ತೀರಾ ಕೆಳಗಿನ ಬಾಸಿಗೆ ಸಬ್‌ವೂಫರ್ ಹಾಕಿಸಿದೆ. ಹಾಡುವವರ ದನಿ ಸ್ಪಷ್ಟ, ಸಬ್ ಗುಡುಗುತ್ತದೆ. ಇವೆರಡರ ನಡುವಿನ ಬಾಸ್, ಅಂದರೆ ಮಿಡ್‌ಬಾಸ್, ಅದೇ ಇಲ್ಲ! ಡೋಲಿನ ಪೆಟ್ಟು ಎದೆಗೆ ತಾಗುವ ಬದಲು ಹಿಂದಿನ ಸೀಟಿನಲ್ಲಿ ಯಾರೋ ದಿಂಬು ಬಡಿದ ಹಾಗಿದೆ. 80ರಿಂದ 300 ಹರ್ಟ್ಸ್ ತನಕ ಸೊರಗಿದೆ ಅನ್ನಿಸುತ್ತದೆ.

ಒಂದು ಕಡೆಯ ಸ್ಪೀಕರ್ ವೈರಿನ ಪ್ಲಸ್-ಮೈನಸ್ ತಿರುಗಿಸಿ ನೋಡಿದೆ. ಇನ್ನೂ ತೆಳುವಾಯಿತು, ಅಂದರೆ ವೈರಿಂಗ್ ಸರಿ ಇದೆ. ಬಾಗಿಲಿನ ಸ್ಪೀಕರಿಗೆ ಕೆಳಗಿನ ಬಾಸ್ ಹೋಗದಂತೆ ತಡೆಯುವ ಹೈಪಾಸ್ ಫಿಲ್ಟರನ್ನು 120ರಿಂದ 80 ಹರ್ಟ್ಸ್‌ಗೆ ಇಳಿಸಿದೆ. ಸ್ವಲ್ಪ ಮೇಲು, ಆದರೆ ಬಾಗಿಲಿನ ಪ್ಲಾಸ್ಟಿಕ್ ಗಲಗಲ ಅನ್ನುತ್ತದೆ. ಒಳಗಿನ ತಗಡಿನ ದೊಡ್ಡ ತೂತುಗಳು ಹಾಗೇ ಇವೆ, ಅದುರುವುದನ್ನು ತಡೆಯುವ ಡ್ಯಾಂಪಿಂಗ್ ಶೀಟ್ ಇಲ್ಲ. ಸ್ಪೀಕರ್ ಕೋನಿನ ಹಿಂದಿನ ಸದ್ದು ಆ ತೂತುಗಳಿಂದ ಬಂದು ಮುಂದಿನ ಬಾಸನ್ನು ತಿನ್ನುತ್ತಿದೆ, ಅಲ್ವಾ?

ಅಂಗಡಿಯವರು ತಗಡು ಕತ್ತರಿಸಿ 8 ಇಂಚಿನದು ಹಾಕೋಣ ಅಂತಾರೆ. ನನಗೆ ಮನಸ್ಸಿಲ್ಲ. ಗಾಜು ಇಳಿಸಿದಾಗ ಮ್ಯಾಗ್ನೆಟ್‌ಗೆ ತಾಗಿದರೆ? ಕಾಲಿನ ಹತ್ತಿರ ಕೂರಿಸೋಣ ಅಂದರೆ ಕ್ಲಚ್ ಪಕ್ಕ ಜಾಗವೇ ಇಲ್ಲ.

ಮೊದಲು ತೂತು ಮುಚ್ಚಿಸಿ, ಶೀಟ್ ಅಂಟಿಸಿ ನೋಡಲಾ, ಸ್ಪೀಕರನ್ನೇ ಬದಲಾಯಿಸಲಾ? ಮಳೆ ನೀರು ಬಾಗಿಲೊಳಗೆ ಇಳಿಯುತ್ತಲ್ಲ, ಸ್ಪೀಕರ್ ಕೂರಿಸುವ ಎಂಡಿಎಫ್ (ಮರದ ನಾರಿನ ಹಲಗೆ) ರಿಂಗ್ ಉಬ್ಬುವುದಿಲ್ಲವೇ? ಮಾಡಿಸಿದವರು ಹೇಳಿ ಪ್ಲೀಸ್.